ಹಾಡೇ ಇಲ್ಲದ ಮೂಕಿಯಲ್ಲಿ ಒಪೆರಾ ಹೇಗೆ?

ಪ್ರಶ್ನೆ: ರಿಚರ್ಡ್ ಓಸ್ವಾಲ್ಡ್ 1916ರಲ್ಲಿ ಜರ್ಮನಿಯಲ್ಲಿ ತೆಗೆದ ‘ಹೊಫ್‌ಮನ್ಸ್ ಎರ್ಟ್ಸೇಲುಂಗೆನ್’ (ಹೊಫ್‌ಮನ್ನನ ಕತೆಗಳು) ಒಪೆರಾದಿಂದ ಬಂದ ಮೂಕಿ ಚಿತ್ರ ಅನ್ನುತ್ತಾರೆ. ಒಪೆರಾ ಅಂದರೇ ಹಾಡು. ಹಾಡು ಹೋದ ಮೇಲೆ ಉಳಿಯುವುದೇನು?

ಉಳಿಯುವುದು ಕತೆ, ಅದನ್ನು ಹೆಣೆದ ರೀತಿ. ಜರ್ಮನ್ ಲೇಖಕ ಇ.ಟಿ.ಎ. ಹೊಫ್‌ಮನ್ ಬರೆದ ಮೂಲ ಕತೆಗಳಲ್ಲಿ ನಾಯಕರು ಬೇರೆ ಬೇರೆ. ಯಂತ್ರದ ಗೊಂಬೆ ಒಲಿಂಪಿಯಾಳಿಗೆ ಮನಸೋಲುವವನು ನಥಾನಿಯೆಲ್ ಎಂಬ ವಿದ್ಯಾರ್ಥಿ. ಕನ್ನಡಿಯೊಳಗಿನ ಬಿಂಬವನ್ನು ಕಳೆದುಕೊಳ್ಳುವವನು ಇನ್ನೊಬ್ಬ. ಇವರ ಜಾಗದಲ್ಲೆಲ್ಲ ಲೇಖಕ ಹೊಫ್‌ಮನ್ನನನ್ನೇ ತಂದು ನಿಲ್ಲಿಸಿದ್ದು ಬಾರ್ಬಿಯೇ ಮತ್ತು ಕಾರೇ 1851ರಲ್ಲಿ ಬರೆದ ಫ್ರೆಂಚ್ ನಾಟಕ. ಅದನ್ನೇ ಸಂಗೀತಕಾರ ಒಫೆನ್‌ಬಾಕ್ ಒಪೆರಾ ಮಾಡಿದ. 1881ರ ಫೆಬ್ರವರಿ 10ರಂದು ಪ್ಯಾರಿಸ್ಸಿನಲ್ಲಿ ಅದು ರಂಗಕ್ಕೆ ಬರುವಾಗ ಅವನು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಓಸ್ವಾಲ್ಡ್‌ನ ಚಿತ್ರದಲ್ಲೂ ಪ್ರೇಮಿ ಹೊಫ್‌ಮನ್ನನೇ. ಖಳ ದಾಪೆರ್ತುತ್ತೋ ಆಗಿ ವೆರ್ನರ್ ಕ್ರೌಸ್ ಇದ್ದಾನೆ. ಚಿತ್ರದ ಬೇರು ಒಪೆರಾದಲ್ಲಿದೆ ಅನ್ನಲು ಇಷ್ಟು ಸಾಕು.

ಆದರೆ ಪ್ರಶ್ನೆಯ ಒಳಗೇ ಒಂದು ತಪ್ಪು ನಂಬಿಕೆ ಕೂತಿದೆ. ಎಷ್ಟು ಸಲ ಬಿಡಿಸಿ ಹೇಳಿದರೂ ಅದು ಮತ್ತೆ ಬರುತ್ತದೆ: ಮೂಕಿ ಚಿತ್ರವನ್ನು ಜನ ನಿಶ್ಶಬ್ದವಾಗಿ ಕೂತು ನೋಡುತ್ತಿದ್ದರು ಅನ್ನುವುದು. ದಯವಿಟ್ಟು ಇದನ್ನು ಬಿಟ್ಟುಬಿಡಿ. ಫಿಲ್ಮಿಗೆ ಬಾಯಿ ಇರಲಿಲ್ಲ, ನಿಜ. ಚಿತ್ರಮಂದಿರದಲ್ಲಿ ಮಾತ್ರ ಸಂಗೀತ ತುಂಬಿರುತ್ತಿತ್ತು. ಸಣ್ಣ ಕಡೆ ಒಂದು ಪಿಯಾನೊ ಅಥವಾ ಹಾರ್ಮೋನಿಯಂ, ದೊಡ್ಡ ಕಡೆ ಪೂರ್ತಿ ವಾದ್ಯಮೇಳ. 1913ರ ‘ಪ್ರಾಗ್ ನಗರದ ವಿದ್ಯಾರ್ಥಿ’ ಚಿತ್ರಕ್ಕೆ ಯೋಸೆಫ್ ವೈಸ್ ಬೇರೆಯಾಗಿಯೇ ಸಂಗೀತ ಬರೆದಿದ್ದ. ಎಲ್ಲ ಚಿತ್ರಕ್ಕೂ ಹಾಗೆ ಬರೆಸಲು ಆಗದು. ಅದಕ್ಕೇ ಸಂಗೀತಕಾರ ಜುಸೆಪ್ಪೆ ಬೆಚ್ಚೆ 1919ರಿಂದ ‘ಕಿನೋಥೆಕ್’ ಎಂಬ ಸಂಪುಟಗಳನ್ನು ಹೊರತಂದ. ಬಿರುಗಾಳಿಗೆ ಇದು, ವಿರಹಕ್ಕೆ ಇದು ಎಂದು ಭಾವಕ್ಕೆ ತಕ್ಕಂತೆ ವಿಂಗಡಿಸಿದ ತುಣುಕುಗಳು. 1926ರ ಜನವರಿ 10ರಂದು ಡ್ರೆಸ್ಡನ್‌ನಲ್ಲಿ ‘ರೋಸೆನ್‌ಕವಲಿಯರ್’ ಒಪೆರಾದ ಮೂಕಿ ರೂಪ ಮೊದಲ ಬಾರಿ ತೆರೆ ಕಂಡಾಗ ವಾದ್ಯಮೇಳವನ್ನು ನಡೆಸಿದವನು ಆ ಒಪೆರಾಕ್ಕೆ ಸಂಗೀತ ಬರೆದ ರಿಚರ್ಡ್ ಸ್ಟ್ರಾಸ್ ಸ್ವತಃ.

ಹಾಡನ್ನೇ ಕೇಳಿಸುವ ಯತ್ನ ಇದಕ್ಕೂ ಹಿಂದಿನದು. 1903ರಲ್ಲಿ ಬರ್ಲಿನ್ನಿನ ಓಸ್ಕರ್ ಮೆಸ್ಟರ್ ಪ್ರೊಜೆಕ್ಟರಿಗೆ ಗ್ರಾಮಫೋನ್ ಜೋಡಿಸಿದ. ಪ್ಲೇಟು ಮೂರು ನಾಲ್ಕು ನಿಮಿಷಕ್ಕೇ ಮುಗಿಯುತ್ತಿತ್ತು. ಅಷ್ಟರಲ್ಲಿ ಒಂದು ಹಾಡು ಹಿಡಿಸೀತು, ಒಪೆರಾ ಹಿಡಿಸದು.

ಎದುರಿಗೇ ಕೂತು ನುಡಿಸುವುದೂ ಸುಲಭವಲ್ಲ. 35 ಮಿ.ಮೀ. ಫಿಲ್ಮಿನ ಒಂದು ಮೀಟರಿನಲ್ಲಿ ಸುಮಾರು 52 ಚೌಕಟ್ಟು (ಫ್ರೇಮು). ಸೆಕೆಂಡಿಗೆ 16ರಂತೆ ಓಡಿಸಿದರೆ 300 ಮೀಟರಿನ ರೀಲು ಹದಿನಾರು ನಿಮಿಷ ಬರುತ್ತದೆ, 20ರಂತೆ ಓಡಿಸಿದರೆ ಹದಿಮೂರು. ಆಪರೇಟರು ಅವಸರ ಮಾಡಿದರೆ ಸಂಗೀತ ಹಿಂದೆ ಬೀಳುತ್ತದೆ. ಹರಿದ ಫಿಲ್ಮನ್ನು ಕತ್ತರಿಸಿ ಅಂಟಿಸಿದರೆ, ಹೋದ ಪ್ರತಿ ಮೀಟರಿಗೆ ಮೂರು ಸೆಕೆಂಡು ಲೆಕ್ಕ ತಪ್ಪುತ್ತದೆ. ಅದಕ್ಕೇ ಅನುಭವಿ ವಾದಕ ಒಂದು ಕಣ್ಣನ್ನು ತೆರೆಯ ಮೇಲಿಟ್ಟು, ಬೇಕಾದಲ್ಲಿ ಪಲ್ಲವಿಯನ್ನು ಮರಳಿ ನುಡಿಸಿ ಸರಿದೂಗಿಸುತ್ತಿದ್ದ.

ಕನ್ನಡಿಯ ಮಾತು ಬಂತಲ್ಲ, ಆ ಕಾಲದ ಚಿತ್ರಗಳಲ್ಲಿ ಬಿಂಬದ ಮಾಯೆ ಮಾಡುತ್ತಿದ್ದ ಬಗೆಯನ್ನೂ ಹೇಳಬೇಕು. ಬಿಂಬ ಇಲ್ಲದಂತೆ ತೋರಿಸಲು ಕ್ಯಾಮೆರಾ ತಂತ್ರವೇ ಬೇಡ: ಗಾಜು ತೆಗೆದ ಖಾಲಿ ಕಟ್ಟು, ಅದರ ಹಿಂದೆ ಎಡಬಲ ಅದಲುಬದಲಾದ ಅಂಥದೇ ಕೋಣೆ. ಬಿಂಬ ಹೊರಗೆ ನಡೆದು ಬಂದು ಎದುರು ನಿಲ್ಲಬೇಕಾದರೆ ಮಾತ್ರ ಕಷ್ಟ. ಲೆನ್ಸಿನ ಮುಂದೆ ಅರ್ಧ ಮರೆ ಮಾಡಿ ನಟನನ್ನು ಒಂದು ಪಕ್ಕದಲ್ಲಿ ಚಿತ್ರಿಸಬೇಕು. ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ 8 ಚೌಕಟ್ಟು. ಸುತ್ತುಗಳನ್ನು ಎಣಿಸಿಟ್ಟು, ಲೆನ್ಸ್ ಮುಚ್ಚಿ, ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಬೇಕು. ಆಮೇಲೆ ಮರೆಯನ್ನು ಇನ್ನೊಂದು ಅರ್ಧಕ್ಕೆ ಸರಿಸಿ, ಅದೇ ಫಿಲ್ಮಿನ ಮೇಲೆ ಅದೇ ನಟನನ್ನು ಮತ್ತೊಮ್ಮೆ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ನಡುವಿನ ಗೆರೆ ಕಾಣುತ್ತದೆ. ಕೈ ಗೆರೆ ದಾಟಿದರೆ ಅಲ್ಲಿಗೇ ತುಂಡಾಗುತ್ತದೆ. ಗಾಜಿನ ಸೂರಿನ ಸ್ಟುಡಿಯೋದಲ್ಲಿ ಬಿಸಿಲನ್ನೇ ನಂಬಿದ್ದವರಿಗೆ ಇನ್ನೂ ಒಂದು ಭಯ: ಎರಡನೇ ಸಲಕ್ಕೆ ಮೋಡ ಕವಿದರೆ ಅರ್ಧ ಕೋಣೆ ಬೆಳಕು, ಅರ್ಧ ಮಬ್ಬು. ಆಗ ಹೊಸ ಫಿಲ್ಮು ಹಾಕಿ ಎರಡೂ ಅರ್ಧವನ್ನು ಮೊದಲಿನಿಂದ ತೆಗೆಯಬೇಕಾಗುತ್ತಿತ್ತು.