ಪೆನ್‌ಡ್ರೈವ್‌ನಿಂದ ಬೂಟ್ ಆಗದ ಕಂಪ್ಯೂಟರ್: ಬೂಟ್ ಮೆನುವಿನ ಎರಡು ಹೆಸರುಗಳು

ದಾವಣಗೆರೆಯಲ್ಲಿ ನನ್ನ ಜೊತೆ ಕಂಪ್ಯೂಟರ್ ರಿಪೇರಿ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಅಂಗಡಿಯಲ್ಲಿ ಕುಳಿತರೆ ಮತ್ತೆ ಮತ್ತೆ ಕೇಳಿಬರುವ ದೂರು, “ಪೆನ್‌ಡ್ರೈವ್ ಹಾಕಿದರೂ ಬೂಟ್ ಆಗುತ್ತಿಲ್ಲ” ಎಂಬುದು, ಅಂದರೆ ವಿಂಡೋಸ್ ಅಥವಾ ಲಿನಕ್ಸ್ ಹಾಕಲು ಯಂತ್ರ ಪೆನ್‌ಡ್ರೈವ್‌ನಿಂದ ಏಳುತ್ತಿಲ್ಲ ಎಂದು. ಈ ಒಂದು ಮಾತಿನೊಳಗೆ ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಕೆಲವೊಮ್ಮೆ ಬೂಟ್ ಮೆನುವಿನಲ್ಲಿ, ಅಂದರೆ ಯಾವ ಸಾಧನದಿಂದ ಏಳಬೇಕೆಂದು ಯಂತ್ರ ಕೇಳುವ ಪಟ್ಟಿಯಲ್ಲಿ, ಪೆನ್‌ಡ್ರೈವ್‌ನ ಹೆಸರೇ ಬರುವುದಿಲ್ಲ. ಕೆಲವೊಮ್ಮೆ ಹೆಸರು ಬರುತ್ತದೆ, ಆರಿಸಿದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಮೆನುವಿಗೇ ಮರಳುತ್ತದೆ. ಇನ್ನು ಕೆಲವೊಮ್ಮೆ ಭದ್ರತೆಯ ಸಂದೇಶವೊಂದು ಬಂದು ಯಂತ್ರ ನಿಲ್ಲುತ್ತದೆ. ಎಲ್ಲ ಸರಿಯಾಗಿ ಇನ್‌ಸ್ಟಾಲರ್ ತೆರೆದುಕೊಂಡು, ಡಿಸ್ಕ್ ಆರಿಸುವ ಹಂತದಲ್ಲಿ ಮುಂದೆ ಹೋಗದಿರುವುದೂ ಉಂಟು. ಯಾವ ಹಂತದಲ್ಲಿ ನಿಂತಿದೆ ಎಂದು ನೋಡದೆ ಸೆಟಪ್‌ನೊಳಗೆ (ವಿಂಡೋಸ್‌ಗೂ ಮೊದಲು ತೆರೆಯುವ, ಯಂತ್ರದ ಸ್ವಂತ ಸೆಟ್ಟಿಂಗ್ ಪರದೆ) ಹೋಗಿ ಕಂಡದ್ದನ್ನೆಲ್ಲ ಬದಲಿಸಿದರೆ, ಇದ್ದ ತೊಂದರೆಯ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ಪರದೆಯ ಮೇಲಿನ ಸಂದೇಶವನ್ನು ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ಆಮೇಲೆ ಕೈ ಹಾಕಿ.

ಪೆನ್‌ಡ್ರೈವ್ ಮತ್ತು ಮೆನು

ಐಎಸ್‌ಒ ಕಡತವನ್ನು (ಇನ್‌ಸ್ಟಾಲರ್ ಪೂರ್ತಿ ಒಂದೇ ಕಡತವಾಗಿ ಸಿಗುವ ರೂಪ) ಪೆನ್‌ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು ಎಂಬುದು ನಮಗೆಲ್ಲ ಗೊತ್ತು. ವೆಂಟಾಯ್ ಎಂಬ ತಂತ್ರಾಂಶ ಹಾಕಿರುವ ಪೆನ್‌ಡ್ರೈವ್ ಮಾತ್ರ ಇದಕ್ಕೆ ಹೊರತು, ಅದಕ್ಕೆ ಐಎಸ್‌ಒ ಕಾಪಿ ಮಾಡಿದರೆ ಸಾಕು. ಬರೆಯುವ ಮೊದಲು ಎಸ್‌ಎಚ್‌ಎ 256 ಮೊತ್ತವನ್ನು, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು, ಡೌನ್‌ಲೋಡ್ ತಾಣದಲ್ಲಿ ಕೊಟ್ಟಿರುವುದರ ಜೊತೆ ತಾಳೆ ನೋಡಿ. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಡೌನ್‌ಲೋಡ್ ಹಾಳಾಗಿದ್ದರೆ ಅಲ್ಲೇ ತಿಳಿಯುತ್ತದೆ. ಆ ಮೊತ್ತ ತೆಗೆಯಲು ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ ಮೊದಲೇ ಇರುತ್ತದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಬೂಟ್ ಮೆನುವಿಗೆ ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿಯೂ ಎಫ್12, ಆದರೆ ಅದರ ಹಲವು ಮಾದರಿಗಳಲ್ಲಿ ಎಫ್2 ಒತ್ತಿ ಸೆಟಪ್‌ಗೆ ಹೋಗಿ ಆ ಬೂಟ್ ಮೆನುವನ್ನು ಮೊದಲು ಚಾಲೂ ಮಾಡಬೇಕು. ಕೀಲಿ ಒತ್ತುವಷ್ಟರಲ್ಲಿ ವಿಂಡೋಸ್ ತೆರೆದುಬಿಡುತ್ತಿದ್ದರೆ ಕೀಲಿಯ ಜೊತೆ ಹೋರಾಡಬೇಡಿ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ಬರುವ ನೀಲಿ ಪರದೆಯಲ್ಲಿ ಸಾಧನದಿಂದ ಆರಂಭಿಸುವ ಆಯ್ಕೆಯೂ ಇರುತ್ತದೆ, ಫರ್ಮ್‌ವೇರ್ ಸೆಟಪ್‌ಗೆ ಹೋಗುವ ದಾರಿಯೂ ಇರುತ್ತದೆ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ಕರ್ನಲ್‌ನ, ಅಂದರೆ ವಿಂಡೋಸ್‌ನ ತಿರುಳಿನ, ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಎಬ್ಬಿಸುತ್ತದೆ.

ಹೆಸರೇ ಬಾರದಿದ್ದರೆ ಬೇರೆ ಪೋರ್ಟ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯಲ್ಲಿ ಮದರ್‌ಬೋರ್ಡ್‌ಗೇ ಕೂಡಿರುವ ಪೋರ್ಟ್ ಒಳ್ಳೆಯದು, ಹಬ್ ಬೇಡ. ಸೆಟಪ್‌ನಲ್ಲಿ ಫಾಸ್ಟ್ ಬೂಟ್ ಇದ್ದರೆ ತೆಗೆಯಿರಿ. ಕೆಲವು ಯಂತ್ರಗಳಲ್ಲಿ ಅದು ಯುಎಸ್‌ಬಿ ಹುಡುಕುವುದನ್ನೇ ಬಿಟ್ಟುಬಿಡುತ್ತದೆ. ಇನ್ನೂ ಬಾರದಿದ್ದರೆ ಬೇರೆ ಪೆನ್‌ಡ್ರೈವ್‌ನಲ್ಲಿ ಬರೆದು ನೋಡಿ.

ಒಂದೇ ಪೆನ್‌ಡ್ರೈವ್, ಎರಡು ಸಾಲು

ನನಗೆ ಬಹಳ ದಿನ ಅರ್ಥವಾಗದಿದ್ದದ್ದು ಇದು, ಅದಕ್ಕೇ ಇದನ್ನು ಬಿಡಿಸಿ ಬಿಡಿಸಿ ಬರೆಯುತ್ತೇನೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತದೆ. ಒಂದು ಸಾಲಿನಲ್ಲಿ ಬರೀ ಕಂಪನಿಯ ಹೆಸರು, ಇನ್ನೊಂದರಲ್ಲಿ ಅದೇ ಹೆಸರಿನ ಹಿಂದೆ ಯುಇಎಫ್‌ಐ ಎಂಬ ಅಕ್ಷರಗಳು. ಇದು ಮೆನುವಿನ ದೋಷವಲ್ಲ. ಒಂದೇ ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೂ ಇರುವ ಹಾಗೆ. ಯಾವುದರಿಂದ ಒಳಗೆ ಹೋದಿರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಯಂತ್ರ ಏಳುವ ಹಳೆಯ ಬಯೋಸ್ ವಿಧಾನ, ಅಂದರೆ ಲೆಗಸಿ, ಪೆನ್‌ಡ್ರೈವ್‌ನಲ್ಲಿ ಯಾವ ಕಡತಗಳಿವೆ ಎಂದು ನೋಡುವುದೇ ಇಲ್ಲ. ಅದು ಮೊಟ್ಟಮೊದಲ 512 ಬೈಟ್‌ಗಳನ್ನು ಓದುತ್ತದೆ, ಕೊನೆಯ ಎರಡು ಬೈಟ್‌ಗಳಲ್ಲಿ 55 ಮತ್ತು ಎಎ ಎಂಬ ಗುರುತು ಇದ್ದರೆ ಅಲ್ಲಿರುವ ಪುಟ್ಟ ಪ್ರೋಗ್ರಾಮನ್ನು ನಡೆಸುತ್ತದೆ. ಅದರ ಜಾಗಕ್ಕೆ ಬಂದ ಹೊಸ ವಿಧಾನವಾದ ಯುಇಎಫ್‌ಐ ಈ ಪ್ರೋಗ್ರಾಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಫ್ಯಾಟ್ ಮಾದರಿಯ (ಕಡತಗಳನ್ನು ಜೋಡಿಸಿಡುವ ಒಂದು ಪದ್ಧತಿ) ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಭಾಗ, ತೆರೆದು, ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಎಂಬ ಕಡತವನ್ನು ಹುಡುಕುತ್ತದೆ. ಪೆನ್‌ಡ್ರೈವ್‌ನಲ್ಲಿ ಎರಡೂ ಇದ್ದರೆ, ಯಂತ್ರವೂ ಎರಡಕ್ಕೂ ಒಪ್ಪಿದರೆ, ಮೆನುವಿನಲ್ಲಿ ಎರಡು ಸಾಲು ಬರುತ್ತವೆ. ಯುಇಎಫ್‌ಐ ಸಾಲು ಬಾರದಿದ್ದರೆ ಆ ಕಡತವೋ ಆ ಫ್ಯಾಟ್ ಪಾರ್ಟಿಷನ್ನೋ ಇಲ್ಲ ಎಂದು ಮೊದಲು ಅನುಮಾನಿಸಬಹುದು. ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಫೋಲ್ಡರ್ ತೆರೆದು ಕಣ್ಣಾರೆ ನೋಡಿ.

ಆ ಕಡತವೋ ಪಾರ್ಟಿಷನ್ನೋ ಇಲ್ಲದಿರಲು ಎರಡು ಕಾರಣಗಳು ಹೆಚ್ಚಾಗಿ ಸಿಗುತ್ತವೆ. ವಿಂಡೋಸ್ 7ರ ಮೂಲ ಐಎಸ್‌ಒದಲ್ಲಿ ಆ ಜಾಗದಲ್ಲಿ ಆ ಕಡತ ಇರುವುದೇ ಇಲ್ಲ. ಇನ್ನೊಂದು, ಈಗಿನ ವಿಂಡೋಸ್‌ನ ಇನ್‌ಸ್ಟಾಲ್ ಡಾಟ್ ವಿಮ್ ಎಂಬ ದೊಡ್ಡ ಕಡತ. ಫ್ಯಾಟ್ 32ರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ, ಈ ಕಡತ ಎಷ್ಟೋ ಐಎಸ್‌ಒಗಳಲ್ಲಿ ಅದನ್ನು ಮೀರುತ್ತದೆ. ಕಾಪಿ ಆಗುತ್ತಿಲ್ಲವೆಂದು ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಪದ್ಧತಿಗೆ ಬದಲಿಸಿ ಕಡತಗಳನ್ನು ತುಂಬಿದರೆ, ಎನ್‌ಟಿಎಫ್‌ಎಸ್ ಓದಲು ಬಾರದ ಯಂತ್ರದಲ್ಲಿ ಯುಇಎಫ್‌ಐ ಸಾಲೇ ಮಾಯವಾಗುತ್ತದೆ. ರೂಫಸ್ ಇದಕ್ಕೆಂದೇ ಪೆನ್‌ಡ್ರೈವ್‌ನ ಕೊನೆಯಲ್ಲಿ ಒಂದು ಪುಟ್ಟ ಫ್ಯಾಟ್ ಪಾರ್ಟಿಷನ್ ಸೇರಿಸಿ, ಎನ್‌ಟಿಎಫ್‌ಎಸ್ ಓದುವ ಚಾಲಕವನ್ನು (ಡ್ರೈವರ್) ಅಲ್ಲಿ ಇಡುತ್ತದೆ. ಕೈಯಿಂದಲೇ ಮಾಡುವುದಾದರೆ ಡಿಸ್ಮ್ ಆಜ್ಞೆಯಿಂದ ಆ ಕಡತವನ್ನು ತುಂಡು ಮಾಡಿ ಫ್ಯಾಟ್ 32ರಲ್ಲೇ ಇಡಬಹುದು.

ಇನ್ನು ನಿಜವಾದ ಗಂಟು. ಪೆನ್‌ಡ್ರೈವ್ ಬರೆದ ರೀತಿ, ಮೆನುವಿನಲ್ಲಿ ಆರಿಸಿದ ಸಾಲು, ಕಂಪ್ಯೂಟರಿನ ಡಿಸ್ಕ್ ಪಾರ್ಟಿಷನ್ ಆಗಿರುವ ಬಗೆ, ಈ ಮೂರೂ ಒಂದಕ್ಕೊಂದು ಹೊಂದಬೇಕು. ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡಲು ಎರಡು ಬಗೆಗಳಿವೆ: ಹಳೆಯದು ಎಂಬಿಆರ್, ಹೊಸದು ಜಿಪಿಟಿ. ವಿಂಡೋಸ್ ಇನ್‌ಸ್ಟಾಲರ್ ಯುಇಎಫ್‌ಐ ಸಾಲಿನಿಂದ ಎದ್ದರೆ ಜಿಪಿಟಿ ಡಿಸ್ಕನ್ನು ಮಾತ್ರ ಒಪ್ಪುತ್ತದೆ, ಲೆಗಸಿ ಸಾಲಿನಿಂದ ಎದ್ದರೆ ಎಂಬಿಆರ್ ಡಿಸ್ಕನ್ನು ಮಾತ್ರ. ರೂಫಸ್‌ನಲ್ಲಿ ಪಾರ್ಟಿಷನ್ ಬಗೆ ಕೇಳಿದಾಗ ಜಿಪಿಟಿ ಆರಿಸಿ ವಿಂಡೋಸ್ ಪೆನ್‌ಡ್ರೈವ್ ಮಾಡಿದರೆ ಅದು ಯುಇಎಫ್‌ಐಗೆ ಮಾತ್ರ. ಅದನ್ನು ಲೆಗಸಿಯಲ್ಲಿ ಎಬ್ಬಿಸಿದರೆ, ಈ ಪೆನ್‌ಡ್ರೈವ್ ಯುಇಎಫ್‌ಐಗಾಗಿ ಮಾಡಿದ್ದು, ನೀವು ಲೆಗಸಿಯಲ್ಲಿ ಪ್ರಯತ್ನಿಸುತ್ತಿದ್ದೀರಿ ಎಂದು ರೂಫಸ್ ಪರದೆಯ ಮೇಲೆಯೇ ಬರೆದು ತೋರಿಸುತ್ತದೆ. ಬೇರೆ ಯಾವ ತಂತ್ರಾಂಶವೂ ಇಷ್ಟು ಬಿಚ್ಚಿ ಹೇಳಿದ್ದನ್ನು ನಾನು ನೋಡಿಲ್ಲ, ಆ ಸಂದೇಶ ನನಗೆ ಅಚ್ಚುಮೆಚ್ಚು.

ಮಂಡಿಪೇಟೆಯ ವ್ಯಾಪಾರಿಯೊಬ್ಬರ ಡೆಸ್ಕ್‌ಟಾಪ್ ಬಂದಾಗ ಇದು ಬರೀ ಪಾಠವಾಗಿ ಉಳಿಯಲಿಲ್ಲ. ವಿಂಡೋಸ್ ಇರುವ ಭಾಗ ಕೆಟ್ಟಿತ್ತು, ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ ಅಂಗಡಿಯ ಲೆಕ್ಕವೆಲ್ಲ ಇತ್ತು. “ತಮ್ಮಾ, ವಿಂಡೋಸ್ ಹೋದರೆ ಹೋಗಲಿ, ಬಿಲ್ಲಿನ ಲೆಕ್ಕ ಮಾತ್ರ ಹೋಗಬಾರದು” ಎಂದಿದ್ದರು. ಇನ್‌ಸ್ಟಾಲರ್ ತೆರೆದುಕೊಂಡು, ಆರಿಸಿದ ಡಿಸ್ಕ್ ಜಿಪಿಟಿ ಮಾದರಿಯದು, ಇದರಲ್ಲಿ ವಿಂಡೋಸ್ ಹಾಕಲಾಗದು ಎಂದಿತು. ಈ ಸಂದೇಶ ಬಂದ ಕೂಡಲೇ ಡಿಸ್ಕ್‌ಪಾರ್ಟ್ (ಪಾರ್ಟಿಷನ್ ಬದಲಿಸುವ ವಿಂಡೋಸ್‌ನ ಸಾಧನ) ತೆರೆದು ಕ್ಲೀನ್ ಆಜ್ಞೆ ಕೊಡಿ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತದೆ. ಕ್ಲೀನ್ ಎಂದರೆ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳೂ ಅಳಿಸಿಹೋಗುತ್ತವೆ, ಲೆಕ್ಕವೂ ಅದರ ಜೊತೆಗೆ. ನಿಜದಲ್ಲಿ ಆ ಸಂದೇಶ ಹೇಳುತ್ತಿರುವುದು ಡಿಸ್ಕ್ ತಪ್ಪಾಗಿದೆ ಎಂದಲ್ಲ, ಇನ್‌ಸ್ಟಾಲರ್ ಲೆಗಸಿ ಬಾಗಿಲಿನಿಂದ ಒಳಗೆ ಬಂದಿದೆ ಎಂದು. ಯಂತ್ರವನ್ನು ಮತ್ತೆ ಆರಂಭಿಸಿ, ಬೂಟ್ ಮೆನುವಿನಲ್ಲಿ ಯುಇಎಫ್‌ಐ ಎಂದಿರುವ ಸಾಲನ್ನು ಆರಿಸಿದ್ದಷ್ಟೇ. ಅದೇ ಡಿಸ್ಕನ್ನು ಇನ್‌ಸ್ಟಾಲರ್ ತಕರಾರಿಲ್ಲದೆ ಒಪ್ಪಿಕೊಂಡಿತು. ವಿಂಡೋಸ್‌ನ ಹಳೆಯ ಭಾಗವನ್ನು ಮಾತ್ರ ಫಾರ್ಮ್ಯಾಟ್ ಮಾಡಿದೆವು, ಲೆಕ್ಕ ಉಳಿಯಿತು. ಲೆಕ್ಕವನ್ನು ಮೊದಲೇ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟಿದ್ದೆವು. ಯಾವ ಯಂತ್ರಕ್ಕಾದರೂ ಅಷ್ಟು ಮಾಡಿಕೊಂಡೇ ಮುಂದುವರಿಯಿರಿ.

ತಿರುಗಾ ಮುರುಗಾ ಸಂದೇಶವೂ ಇದೆ: ಡಿಸ್ಕ್ ಎಂಬಿಆರ್, ಇಎಫ್‌ಐ ಯಂತ್ರದಲ್ಲಿ ಜಿಪಿಟಿ ಬೇಕು ಎಂದು. ಅಲ್ಲಿ ಲೆಗಸಿ ಸಾಲಿನಿಂದ ಬರಬಹುದು, ಇಲ್ಲವೇ ಡಿಸ್ಕನ್ನೇ ಬದಲಿಸಬಹುದು. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಜೊತೆಯಲ್ಲೇ ಬರುತ್ತದೆ. ವಿಂಡೋಸ್ ಇರುವ ಡಿಸ್ಕನ್ನು ದತ್ತಾಂಶ ಅಳಿಸದೆ ಜಿಪಿಟಿಗೆ ತರುತ್ತದೆ. ಅದಾದ ಮೇಲೆ ಸೆಟಪ್‌ನಲ್ಲಿ ಯುಇಎಫ್‌ಐಗೆ ಬದಲಿಸುವುದನ್ನು ಮರೆತರೆ ಹಳೆಯ ವಿಂಡೋಸ್ ಕೂಡ ಏಳುವುದಿಲ್ಲ.

ಯಾವ ಬಾಗಿಲಿನಿಂದ ಬಂದಿದ್ದೇವೆ ಎಂದು ಊಹಿಸಬೇಕಿಲ್ಲ. ನಡೆಯುತ್ತಿರುವ ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ ಬಯೋಸ್ ಮೋಡ್ ಎಂಬ ಸಾಲಿನಲ್ಲಿ ಲೆಗಸಿ ಅಥವಾ ಯುಇಎಫ್‌ಐ ಎಂದು ಬರೆದಿರುತ್ತದೆ. ಇನ್‌ಸ್ಟಾಲರ್‌ನೊಳಗೆ ಶಿಫ್ಟ್ ಮತ್ತು ಎಫ್10 ಒತ್ತಿ ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದು, ಡಿಸ್ಕ್‌ಪಾರ್ಟ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ಕೇಳಿದರೆ ಜಿಪಿಟಿ ಡಿಸ್ಕಿನ ಎದುರು ಒಂದು ನಕ್ಷತ್ರ ಇರುತ್ತದೆ. ಪಟ್ಟಿ ನೋಡುವುದರಿಂದ ಏನೂ ಅಳಿಸುವುದಿಲ್ಲ, ಧೈರ್ಯವಾಗಿ ನೋಡಿ. ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್ ಲೈವ್‌ನಲ್ಲಾದರೆ ಸಿಸ್ ಫೋಲ್ಡರಿನ ಫರ್ಮ್‌ವೇರ್ ಭಾಗದಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ.

ಸೆಕ್ಯೂರ್ ಬೂಟ್

ಇದು 2012ರಲ್ಲಿ ವಿಂಡೋಸ್ 8ರ ಜೊತೆ ವ್ಯಾಪಕವಾಗಿ ಬಂತು. ಬೂಟ್ ಆಗುವ ಕಡತದ ಮೇಲೆ ಯಂತ್ರ ನಂಬುವ ಸಹಿ ಇಲ್ಲದಿದ್ದರೆ ಅದು ನಡೆಯಲು ಬಿಡುವುದಿಲ್ಲ. ಕೂಡಲೇ ಆಫ್ ಮಾಡಿ ಎನ್ನುವವರೇ ಹೆಚ್ಚು, ನಾನು ಒಪ್ಪುವುದಿಲ್ಲ. ವಿಂಡೋಸ್, ಉಬುಂಟು, ಫೆಡೋರಾಗಳ ಈಗಿನ ಐಎಸ್‌ಒಗಳಿಗೆ ಸಹಿ ಇದೆ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದರ ನಂತರ ಹಳೆಯ ಲಿನಕ್ಸ್ ಪೆನ್‌ಡ್ರೈವ್‌ಗಳು ಎಸ್‌ಬಿಎಟಿ ಪರಿಶೀಲನೆ (ಬೂಟ್ ಕಡತ ತೀರ ಹಳೆಯದೇ ಎಂದು ನೋಡುವುದು) ವಿಫಲ ಎಂಬ ಸಂದೇಶ ಕೊಟ್ಟು ನಿಲ್ಲತೊಡಗಿದವು. ಆ ಸಂದೇಶ ಬಂದರೆ ಹೊಸ ಐಎಸ್‌ಒ ಇಳಿಸಿ ಬರೆಯುವುದೇ ಸರಿಯಾದ ದಾರಿ. ವೆಂಟಾಯ್ ಬಳಸುತ್ತಿದ್ದರೆ ಮೊದಲ ಸಲ ಅದರ ಕೀಲಿಯನ್ನು ಯಂತ್ರಕ್ಕೆ ನೋಂದಾಯಿಸಬೇಕು.

ಆಫ್ ಮಾಡಲೇಬೇಕಾದರೆ, ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ಎಂದು ಮೊದಲು ನೋಡಿ. ಇದ್ದರೆ, ಸೆಕ್ಯೂರ್ ಬೂಟ್ ಬದಲಿಸಿದ ಮೇಲೆ ವಿಂಡೋಸ್ 48 ಅಂಕಿಗಳ ಮರುಪಡೆ ಕೀಲಿ ಕೇಳಬಹುದು. ಯಂತ್ರದ ಮಾಲೀಕರು “ಅದೇನದು, ನನಗೆ ಗೊತ್ತೇ ಇಲ್ಲವಲ್ಲ” ಎನ್ನುತ್ತಾರೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕಿನ ಗೂಢಲಿಪಿ ತಾನಾಗಿಯೇ ಚಾಲೂ ಆಗಿರುತ್ತದೆ. ಕೀಲಿ ಆ ಖಾತೆಯಲ್ಲಿ ಉಳಿದಿರುತ್ತದೆ, ಬರೆದುಕೊಂಡ ಮೇಲೆಯೇ ಸೆಟಪ್ ಮುಟ್ಟಿ.

ಕೊನೆಯ ಹಂತದ ಎರಡು ಮಾತು

ಇನ್‌ಸ್ಟಾಲರ್ ಬಂತು, ಡಿಸ್ಕೇ ಕಾಣುತ್ತಿಲ್ಲ ಎಂದರೆ ಅದು ಬೂಟ್‌ನ ತೊಂದರೆಯಲ್ಲ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಡಿಸ್ಕ್ ನಿಯಂತ್ರಣ ವ್ಯವಸ್ಥೆ ಚಾಲೂ ಇರುತ್ತದೆ, ಅದರ ಚಾಲಕ ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ. ಇದಕ್ಕೆ ಬೇಕಾದ ಇಂಟೆಲ್‌ನ ಆರ್‌ಎಸ್‌ಟಿ ಚಾಲಕವನ್ನು ಬಿಚ್ಚಿ ಅದೇ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರಿನಲ್ಲಿಟ್ಟು, ಲೋಡ್ ಡ್ರೈವರ್ ಆಯ್ಕೆಯಿಂದ ತೋರಿಸಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮಾಡಿದ ಸೆಟ್ಟಿಂಗ್ ಪ್ರತಿ ಸಲ ಅಳಿಸಿ, ದಿನಾಂಕವೂ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಸಿಆರ್2032 ನಾಣ್ಯದ ಸೆಲ್ ಮುಗಿದಿದೆ; ಅದನ್ನು ಬದಲಿಸದೆ ಬೂಟ್ ಕ್ರಮವನ್ನು ಎಷ್ಟು ಸರಿಪಡಿಸಿದರೂ ಉಳಿಯುವುದಿಲ್ಲ.

ಕಡತಗಳೆಲ್ಲ ನಕಲಾಗಿ ಯಂತ್ರ ಮೊದಲ ಸಲ ತಾನಾಗಿ ರೀಸ್ಟಾರ್ಟ್ ಆದಾಗ ಇನ್‌ಸ್ಟಾಲರ್ ಮತ್ತೆ ಮೊದಲಿನಿಂದ ಶುರುವಾದರೆ ಗಾಬರಿ ಬೇಡ. ಪೆನ್‌ಡ್ರೈವ್ ಬೂಟ್ ಕ್ರಮದಲ್ಲಿ ಇನ್ನೂ ಮೇಲಿದೆ, ಅಷ್ಟೇ. ಯಂತ್ರವನ್ನು ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು, ಮತ್ತೆ ಚಾಲೂ ಮಾಡಿ; ಉಳಿದ ಕೆಲಸ ಡಿಸ್ಕಿನಿಂದಲೇ ಮುಂದುವರಿಯುತ್ತದೆ.