ಲೋಕ ಮುಳುಗ್ತಿದೆ, ಮೊದಲು ಬಾಣಲೆ ಹುಡುಕೋಣ

2015ರ 'ದಿ ವಿಚರ್ 3' ಎಂಬ ವಿಡಿಯೋ ಆಟದ ಶುರುವಿನಲ್ಲೇ ಒಬ್ಬ ಅಜ್ಜಿ ಸಿಗುತ್ತಾಳೆ. ಒಂದು ಗುಡಿಸಲಿನ ಬಾಗಿಲು ಬಡಿಯುತ್ತಾ ನಿಂತಿದ್ದಾಳೆ. ಅವಳ ಬಾಣಲೆಯನ್ನು ಯಾರೋ ತಗೊಂಡು ಹೋಗಿ ವಾಪಸ್ ಕೊಟ್ಟಿಲ್ಲ. ಆಟದ ನಾಯಕ ಗೆರಾಲ್ಟ್‌ನ ಸಾಕುಮಗಳು ಸಿರಿಯನ್ನು ದೆವ್ವದಂಥ ಸವಾರರ ದಂಡು ಅಟ್ಟಿಸಿಕೊಂಡು ಹೋಗುತ್ತಿದೆ. ಲೋಕವನ್ನೇ ಹೆಪ್ಪುಗಟ್ಟಿಸುವ ಚಳಿಯೂ ಮುಂದೆ ಕಾದಿದೆ. ಆದರೂ ನಾವು ಬಾಗಿಲು ಒಡೆದು ಒಳಗೆ ಹೋಗಿ ಬಾಣಲೆ ಹುಡುಕುತ್ತೇವೆ. ಮನಸ್ಸಿಗೆ ಒಂಚೂರೂ ಕಸಿವಿಸಿ ಆಗುವುದಿಲ್ಲ.

'ಸ್ಕೈರಿಮ್'ನಲ್ಲೂ ಇದೇ ಕಥೆ. ಅಲ್ಡುಯಿನ್ ಎಂಬ ಡ್ರ್ಯಾಗನ್ ಇಡೀ ಜಗತ್ತನ್ನು ನುಂಗಲು ಬಂದಿದೆ. ನಾವು ಮನೆ ಕೊಳ್ಳುತ್ತೇವೆ, ಮದುವೆಯಾಗುತ್ತೇವೆ, ಊರೂರು ಸುತ್ತುತ್ತೇವೆ. ಡ್ರ್ಯಾಗನ್ ಪಾಪ, ಕಾಯುತ್ತದೆ. ನಾವು ಮುಂದಿನ ಹೆಜ್ಜೆ ಇಡುವವರೆಗೂ ಪ್ರಳಯ ಆಗುವುದಿಲ್ಲ ಅಂತ ಆಟಗಾರನಿಗೆ ಬೇಗನೇ ಗೊತ್ತಾಗಿಬಿಡುತ್ತದೆ.

ಹಾಗಾದರೆ ಪ್ರಳಯಕ್ಕೆ ನಾವು ಹೆದರದಿರುವ ತಪ್ಪೆಲ್ಲ ಆಟದೊಳಗೆ ಓಡದ ಗಡಿಯಾರದ್ದೇ? ನಮ್ಮ ತಲೆಯದ್ದೂ ಸ್ವಲ್ಪ ಇದೆ. 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದೆ. ಎಣ್ಣೆ ತುಂಬಿದ ಹೊಂಡಗಳಲ್ಲಿ ಬಿದ್ದು ಸಾಯುವ ಹಕ್ಕಿಗಳನ್ನು ಉಳಿಸಲು ಎಷ್ಟು ಹಣ ಕೊಡ್ತೀರಿ ಅಂತ ಜನರನ್ನು ಕೇಳಿದರು. ಎರಡು ಸಾವಿರ ಹಕ್ಕಿಗೆ ಸರಾಸರಿ 80 ಡಾಲರ್, ಇಪ್ಪತ್ತು ಸಾವಿರಕ್ಕೆ 78, ಎರಡು ಲಕ್ಷಕ್ಕೆ 88. ಹಕ್ಕಿಗಳು ನೂರು ಪಟ್ಟಾದವು, ಕರುಣೆ ಎಂಟು ಡಾಲರ್ ಏರಿತು, ಅಷ್ಟೇ.

2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು ಇನ್ನೂ ಚುರುಕಾದ ಪ್ರಯೋಗವೊಂದನ್ನು ಪ್ರಕಟಿಸಿದರು. ದಾನ ಮಾಡಬಹುದು ಅಂತ ಜನರ ಕೈಗೆ ಐದು ಡಾಲರ್ ಕೊಟ್ಟರು. ಆಫ್ರಿಕಾದ ಒಬ್ಬ ಬಡ ಹುಡುಗಿಯ ಬಗ್ಗೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಹಸಿವಿನ ಅಂಕಿ-ಅಂಶ ಓದಿದವರು ಕೊಟ್ಟಿದ್ದು 1.14. ಎರಡನ್ನೂ ಒಟ್ಟಿಗೆ ತೋರಿಸಿದಾಗ? 1.43. ಲಕ್ಷಾಂತರ ಜನ ಪಕ್ಕಕ್ಕೆ ಬಂದು ನಿಂತ ಕೂಡಲೇ ಆ ಒಬ್ಬ ಹುಡುಗಿಯ ಪಾಲೂ ಕಮ್ಮಿಯಾಯಿತು.

ಇದು ದಾನದ ಲೆಕ್ಕ, ಆಟದ್ದಲ್ಲ, ನಿಜ. ಆದರೂ ಎಷ್ಟೋ ಆಟಗಳ ಕೊನೆಯ ಭಾಗ ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ಅಲ್ಲಿವರೆಗೂ ಜೊತೆಗಾರರ ಸಂಕಟ ನಮ್ಮದೇ ಅನ್ನಿಸುತ್ತಿರುತ್ತದೆ. ಆಮೇಲೆ ಆಕಾಶ ಕೆಂಪಾಗುತ್ತದೆ, ಯಾರೋ ಲೋಕದ ಬಗ್ಗೆ ಭಾಷಣ ಮಾಡುತ್ತಾರೆ. ಆ ಸಂಕಟ ಎಲ್ಲೋ ಹಿಂದೆ ಉಳಿದುಬಿಡುತ್ತದೆ.

ಆದರೂ ಕಥೆ ಬರೆಯುವವರು ಪ್ರಳಯವನ್ನು ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಇಂಥ ಆಟಗಳಲ್ಲಿ ನಾನು ಕಳ್ಳನಾಗಬಹುದು, ಮಂತ್ರವಾದಿಯಾಗಬಹುದು, ಶುದ್ಧ ಸ್ವಾರ್ಥಿಯೂ ಆಗಬಹುದು. ಇವರೆಲ್ಲರನ್ನೂ ಒಂದೇ ದಾರಿಗೆ ತರುವ ನೆಪ ಬೇಕು. 'ನೀನಿರುವ ಲೋಕವೇ ಹೋಗುತ್ತೆ' ಅಂದರೆ ಯಾರೂ ತಪ್ಪಿಸಿಕೊಳ್ಳಲು ಆಗಲ್ಲ. ಜೊತೆಗೆ ಲೆವೆಲ್, ಅಂದರೆ ನಾಯಕನ ಶಕ್ತಿಯ ಮಟ್ಟ, ಏರುತ್ತಲೇ ಹೋಗುತ್ತದೆ. ಇಲಿ ಹೊಡೆಯುತ್ತಾ ಶುರು ಮಾಡಿದವನಿಗೆ ಕೊನೆಯಲ್ಲಿ ದೇವರಂಥ ಎದುರಾಳಿಯೇ ಬೇಕಾಗುತ್ತದೆ.

ಇದರಲ್ಲಿ ತೊಡಕಾಗುವುದು ಸೋಲು. ಲೋಕ ನಿಜವಾಗಿ ಮುಳುಗಿದರೆ ಆಟವೇ ಮುಗಿಯಿತು. ಹಾಗಾಗಿ ಆ ಸೋಲನ್ನು ಕಥೆಯಾಗಿ ಬರೆಯುವವರು ಕಮ್ಮಿ. (1994ರ 'ಫೈನಲ್ ಫ್ಯಾಂಟಸಿ 6' ಆ ಧೈರ್ಯ ಮಾಡಿತು: ಅರ್ಧ ಆಟಕ್ಕೇ ಲೋಕ ಹಾಳಾಗುತ್ತದೆ.) ಮುಳುಗುವುದು ಬರೀ ಒಂದು ಸಂಸಾರವಾದರೆ ಆಟ ಮುಂದುವರಿಯಬಹುದು. 'ವಿಚರ್ 3'ರ ಕುಡುಕ ಬ್ಯಾರನ್ ನಮ್ಮ ನಿರ್ಧಾರದ ಮೇಲೆ ನೇಣು ಹಾಕಿಕೊಳ್ಳಬಹುದು, ಇಲ್ಲವೇ ಬುದ್ಧಿ ಕಳಕೊಂಡ ಹೆಂಡತಿಯನ್ನು ಚಿಕಿತ್ಸೆಗೆ ಕರೆದುಕೊಂಡು ಹೊರಡಬಹುದು. ಆ ಆಟ ಆಡಿದವರನ್ನು ಕೇಳಿ ನೋಡಿ. ಚಳಿ ಮರೆತಿರುತ್ತಾರೆ, ಬ್ಯಾರನ್ ನೆನಪಿರುತ್ತಾನೆ.

ಪ್ರಳಯವನ್ನೂ ಇಟ್ಟುಕೊಂಡು ಗೆದ್ದ ಆಟವೆಂದರೆ, ನನ್ನ ಮಟ್ಟಿಗೆ, ನಿಂಟೆಂಡೊದ 'ಮಜೋರಾಸ್ ಮಾಸ್ಕ್' (2000). ಮೂರು ದಿನದಲ್ಲಿ ಚಂದ್ರ ಊರಿನ ಮೇಲೆ ಬೀಳುತ್ತಾನೆ. ಗಡಿಯಾರ ನಿಜವಾಗಿಯೂ ಓಡುತ್ತದೆ. ಮೂರು ದಿನ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಗಂಟೆಗೂ ಕಮ್ಮಿ. ಸಮಯ ಮುಗಿದರೆ ಚಂದ್ರ ಬಿದ್ದೇ ಬೀಳುತ್ತಾನೆ. ತಪ್ಪಿಸಬೇಕೆಂದರೆ ಮೊದಲ ದಿನಕ್ಕೆ ವಾಪಸ್ ಹೋಗಬೇಕು. ಕೊನೆಯ ರಾತ್ರಿ ಪೋಸ್ಟ್‌ಮನ್‌ಗೆ ಓಡಿಹೋಗುವ ಆಸೆ, ಆದರೆ ವೇಳಾಪಟ್ಟಿಯಲ್ಲಿ ಅದು ಬರೆದಿಲ್ಲ. ಹೊಲದ ಮನೆಯಲ್ಲಿ ಅಕ್ಕ ಕ್ರಿಮಿಯಾ ತಂಗಿಗೆ ದೊಡ್ಡವರು ಮಾತ್ರ ಕುಡಿಯುವ ಹಾಲನ್ನು ಕೊಡುತ್ತಾಳೆ. ತಂಗಿಗೆ ಖುಷಿ, ತಾನೂ ದೊಡ್ಡವಳಾದೆ ಅಂತ. ಯಾಕೆ ಕೊಟ್ಟಳು ಅನ್ನೋದು ನಮಗೆ ಗೊತ್ತು.

ಹಾಗಂತ ಎಲ್ಲ ಆಟಕ್ಕೂ ಗಡಿಯಾರ ಕಟ್ಟಿದರೆ ಜನ ಸುಮ್ನೆ ಇರಲ್ಲ. 2018ರ 'ಪಾತ್‌ಫೈಂಡರ್: ಕಿಂಗ್‌ಮೇಕರ್' ದರೋಡೆಕೋರರ ನಾಯಕನನ್ನು ಮೂರು ತಿಂಗಳೊಳಗೆ ಮುಗಿಸಿ ಅಂತ ಗಡುವು ಕೊಟ್ಟಿತು. ಗೊಣಗಿದವರು ಬಹಳ. 2023ರ 'ಬಾಲ್ಡರ್ಸ್ ಗೇಟ್ 3' ಇನ್ನೊಂದು ದಾರಿ ಹಿಡಿಯಿತು. ನಮ್ಮ ತಲೆಯೊಳಗೆ ಒಂದು ಹುಳ ಸೇರಿಕೊಂಡಿದೆ. ಕೆಲವೇ ದಿನಗಳಲ್ಲಿ ನಾವೇ ರಾಕ್ಷಸರಾಗುತ್ತೇವೆ ಅಂತ ಎಲ್ಲರೂ ಹೆದರಿಸುತ್ತಾರೆ. ಆದರೆ ಎಷ್ಟು ರಾತ್ರಿ ಮಲಗೆದ್ದರೂ ಏನೂ ಆಗಲ್ಲ. ದಾರಿಯಲ್ಲಿ ಸಿಗುವ ಹೊತ್ತಿ ಉರಿಯುತ್ತಿರುವ ಸತ್ರದ ಲೆಕ್ಕ ಮಾತ್ರ ಬೇರೆ. ಅದನ್ನು ನೋಡಿಯೂ ಹೋಗಿ ಮಲಗಿದರೆ, ಒಳಗೆ ಸಿಕ್ಕಿಕೊಂಡವರು ಬೆಳಗ್ಗೆ ಹೊತ್ತಿಗೆ ಸತ್ತಿರುತ್ತಾರೆ. ತಲೆಯ ಹುಳಕ್ಕೆ ಕ್ಯಾರೇ ಅನ್ನದವರೂ ಆಗ ಮೊದಲೇ ಉಳಿಸಿಟ್ಟ ಹಳೇ ಸೇವ್ ಫೈಲ್ ತೆರೆದು, ಆಟವನ್ನು ಹಿಂದಕ್ಕೆ ಕೊಂಡೊಯ್ದು ಬೆಂಕಿ ಆರಿಸಲು ಓಡುತ್ತಾರೆ.