ಬಿಪಿ ನಾರ್ಮಲ್ ಆಯ್ತಲ್ಲ, ಇನ್ನು ವಾಕಿಂಗ್ ಯಾಕೆ?

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹತ್ತಿರ ಬಿಪಿಗೆ ಬರುತ್ತಾರೆ. ಅವರ ಜೇಬಿನಲ್ಲಿ ಚಿಕ್ಕ ಡೈರಿ, ಅದರಲ್ಲಿ ಕೆಂಪು ಪೆನ್ನಿನ ಲೆಕ್ಕ. ಮಾರ್ಚ್‌ನಲ್ಲಿ 148/92. ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯೋಕೆ ಶುರು ಮಾಡಿದರು. ಜೂನ್ ಹೊತ್ತಿಗೆ 138/86. ಆಮೇಲೆ ಒಂದೂವರೆ ತಿಂಗಳು ಹಾಳೆ ಖಾಲಿ. ಆಗಸ್ಟ್‌ನಲ್ಲಿ ಮತ್ತೆ 148.

"ಮಾತ್ರೆ ಒಂದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ."

"ವಾಕಿಂಗು, ಮೇಷ್ಟ್ರೇ?"

"ಬಿಪಿ ನಾರ್ಮಲ್ ಆಯ್ತಲ್ಲ, ನಿಲ್ಲಿಸಿದೆ."

ವಾರಕ್ಕೆ ನಾಲ್ಕು ಜನರಾದರೂ ಈ ಮಾತು ಹೇಳುತ್ತಾರೆ. ನಡಿಗೆಯನ್ನು ಐದು ದಿನದ ಆಂಟಿಬಯೋಟಿಕ್ ತರಹ ಮುಗಿಸಿ ಎದ್ದುಬಿಡುತ್ತಾರೆ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ನೀವು ಬಿರುಸಾಗಿ ನಡೆದಾಗ ಕಾಲಿನ ಸ್ನಾಯುಗಳು ಜಾಸ್ತಿ ರಕ್ತ ಕೇಳುತ್ತವೆ. ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ಮನೆಗೆ ಬಂದು ಕೂತ ತಕ್ಷಣ ಅವು ಮೊದಲಿನಂತೆ ಬಿಗಿಯಾಗುವುದಿಲ್ಲ. ಹಾಗಾಗಿ ಕೆಲವು ಗಂಟೆ, ಕೆಲವರಲ್ಲಿ ಹೆಚ್ಚುಕಡಿಮೆ ಒಂದು ದಿನ, ಬಿಪಿ ಸ್ವಲ್ಪ ಕಡಿಮೆಯೇ ಇರುತ್ತದೆ. ಅಂದರೆ ಇವತ್ತಿನ ನಡಿಗೆಯ ಫಲ ಹೆಚ್ಚೆಂದರೆ ನಾಳೆ ಬೆಳಿಗ್ಗೆವರೆಗೆ. ನಿನ್ನೆ ಸ್ನಾನ ಮಾಡಿದ್ದೆ ಅಂತ ಇವತ್ತು ಬಿಡುತ್ತೇವಾ?

ತಿಂಗಳುಗಟ್ಟಲೆ ನಡೆದರೆ ಇನ್ನೂ ಒಳ್ಳೆಯದಾಗುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೆನ್ನಾಗಿ ತಯಾರಿಸುತ್ತದೆ, ಅದರಿಂದ ನಾಳ ಸಡಿಲವಾಗುತ್ತದೆ. ನಾಳಗಳನ್ನು ಬಿಗಿ ಹಿಡಿಯುವ ನರಗಳ ಆರ್ಭಟವೂ ತಗ್ಗುತ್ತದೆ. ಆದರೆ ನಡಿಗೆ ನಿಂತರೆ ಕೆಲವೇ ವಾರಗಳಲ್ಲಿ ಈ ಲಾಭ ಕರಗಿಹೋಗುತ್ತದೆ. ಮೇಷ್ಟ್ರಿಗೆ ಆಗಿದ್ದು ಇದೇ ಇರಬೇಕು. ಉಪ್ಪು, ನಿದ್ದೆಯ ಪಾಲೂ ಇರಬಹುದು, ಆದರೆ ಆ ಖಾಲಿ ಹಾಳೆಗಳನ್ನು ನಾನು ಮೊದಲು ನೋಡುತ್ತೇನೆ.

ಎಷ್ಟು ಇಳಿಯುತ್ತದೆ? ಬಿಪಿ ಇರುವವರಲ್ಲಿ ಮೇಲಿನ ಸಂಖ್ಯೆ ಸಾಮಾನ್ಯವಾಗಿ 5ರಿಂದ 8ರಷ್ಟು. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಅದಕ್ಕೇ ನಡೆಯುತ್ತಿದ್ದೀನಿ ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ದಯವಿಟ್ಟು. ಕಡಿಮೆ ಮಾಡಬಹುದಾದರೆ ನಾವೇ ಮಾಡುತ್ತೇವೆ. 180/110 ದಾಟಿದವರು ಮೊದಲು ಡಾಕ್ಟರನ್ನು ನೋಡಿ, ವ್ಯಾಯಾಮ ಆಮೇಲೆ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಸಹಾಯ ಕೇಳಿ.

"ದಿನವಿಡೀ ಮನೇಲಿ ಓಡಾಡ್ತೀನಲ್ಲ ಡಾಕ್ಟ್ರೇ" ಎನ್ನುವ ಅಮ್ಮಂದಿರ ದಣಿವು ನನಗೆ ಕಾಣುತ್ತದೆ. ಆದರೂ ಅಡುಗೆಮನೆಯಿಂದ ಹಜಾರಕ್ಕೆ ಹತ್ತು ಹೆಜ್ಜೆ ಹಾಕಿ ನಿಂತರೆ ಉಸಿರು ಏರುವುದಿಲ್ಲ. ಮಾತಾಡಬಹುದು, ಹಾಡೋಕಾಗಬಾರದು, ಅಷ್ಟು ಬಿರುಸು ಬೇಕು. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ. ಹತ್ತತ್ತು ನಿಮಿಷ ಮೂರು ಸಲವಾದರೂ ಸರಿ. ಅಟೆನಲಾಲ್, ಮೆಟೊಪ್ರೊಲಾಲ್‌ನಂಥ, ನಾಡಿ ನಿಧಾನಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿ ಅಷ್ಟಾಗಿ ಏರುವುದಿಲ್ಲ. ಅವರು ವಾಚು ನೋಡುವುದು ಬಿಟ್ಟು ಉಸಿರನ್ನೇ ನಂಬಲಿ.

ನಡೆದು ಬಂದ ಕೂಡಲೇ ಬಿಪಿ ಮೆಷಿನ್ ಕಟ್ಟಿಕೊಂಡು ಗಾಬರಿಯಾಗಬೇಡಿ, ಆ ಹೊತ್ತಿಗೆ ಅದು ಇನ್ನೂ ಏರಿರಬಹುದು. ಅರ್ಧ ಗಂಟೆ ಬಿಡಿ. ಆಮೇಲೆ 5 ನಿಮಿಷ ಸುಮ್ನೆ ಕೂತು ನೋಡಿ.

ಮೇಷ್ಟ್ರು ಮೊನ್ನೆ ಬಂದಿದ್ದರು. ಡೈರಿಯಲ್ಲಿ ಒಂದು ದಿನ ಹೀಗಿತ್ತು: "ಜೋರು ಮಳೆ. ಹಜಾರದಲ್ಲೇ ನಡೆದೆ, 35 ನಿಮಿಷ."